ಸಹಕಾರಕ್ಕೆ ದಾರಿ ತೋರಿದ ರೈಫಿಸನ್



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಹಳ್ಳಿ ರೈತರ ಸಾಲದ ಸಂಘಕ್ಕೆ ದಾರಿ ಹಾಕಿಕೊಟ್ಟ ಜರ್ಮನಿ ದೇಶದ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫಿಸನ್ ಅವರನ್ನು ನೆನೆಯುವುದು ನಮ್ಮ ಕರ್ತವ್ಯ ಅಂತ ನಾವು ತಿಳಿದಿದ್ದೇವೆ.

ಇವರು 1818ರ ಮಾರ್ಚ್ 30ರಂದು ಹಾಮ್ ಎಂಬ ಊರಿನಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳ ಸಂಸಾರ. ಸೈನ್ಯಕ್ಕೆ ಸೇರಿದರು, ಕಣ್ಣಿನ ಬೇನೆಯಿಂದ 1843ರಲ್ಲಿ ಅದನ್ನು ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಸುತ್ತಿನ ಹಳ್ಳಿಗಳಿಗೆ ಮೇಯರ್ ಆದರು. ಹಿಂದೆ ನಮ್ಮಲ್ಲಿ ಮಂಡಲ ಪ್ರಧಾನರು ಇದ್ದ ಹಾಗೆ ಅನ್ನಬಹುದು.

1846-47ರಲ್ಲಿ ಬೆಳೆ ಕೈಕೊಟ್ಟು ಹಸಿವು ಬಂತು. ಸರಕಾರದ ಹಿಟ್ಟು ಬಂದರೂ ನಗದು ಕೊಟ್ಟವರಿಗೆ ಮಾತ್ರ ಎಂದು ಆಜ್ಞೆ. ಹೊಟ್ಟೆಗಿಲ್ಲದವನ ಹತ್ತಿರ ದುಡ್ಡು ಎಲ್ಲಿಂದ ಬರಬೇಕು? ರೈಫಿಸನ್ನರು ಧೈರ್ಯ ಮಾಡಿ ಸಾಲವಾಗಿ ಹಂಚಿದರು. ಉಳ್ಳವರಿಂದ ಹಣ ಕೂಡಿಸಿ, ಊರಲ್ಲೇ ಬ್ರೆಡ್ ಸುಡುವ ಮನೆ ಕಟ್ಟಿಸಿದರು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್ ಊರಿಗೆ ಬಂದರು. ಅಲ್ಲಿ ದನಕ್ಕೆ ಸಾಲ ಮಾಡಿದ ರೈತ ಬಡ್ಡಿ ಕಟ್ಟಲಾಗದೆ ದನವನ್ನೂ ಹೊಲವನ್ನೂ ಕಳೆದುಕೊಳ್ತಾ ಇದ್ದ. 1849ರಲ್ಲಿ ಸುಮಾರು 60 ಅನುಕೂಲಸ್ಥರನ್ನು ಜಾಮೀನು ನಿಲ್ಲಿಸಿ ಸಂಘ ಮಾಡಿದರು. ದನ ಕೊಂಡು ಐದು ವರ್ಷದ ಕಂತಿನ ಮೇಲೆ ರೈತರಿಗೆ ಕೊಟ್ಟರು. ಆಗ ಅವರು ವಾಸವಿದ್ದ ಮನೆಯನ್ನು ಕೆಡವದೆ ವಸ್ತುಸಂಗ್ರಹಾಲಯ ಮಾಡಿ ಉಳಿಸಿದ್ದಾರೆ.

1852ರಲ್ಲಿ ಹೆಡ್ಡೆಸ್‌ಡಾರ್ಫ್‌ಗೆ ಹೋಗಿ, 1854ರಲ್ಲಿ ಅಲ್ಲಿಯೂ ಸಂಘ ಕಟ್ಟಿದರು. ಆದರೆ ಬರಬರುತ್ತಾ ಉಳ್ಳವರ ಉತ್ಸಾಹ ಇಳಿಯಿತು. ಧರ್ಮಕ್ಕೆ ಕೊಡುವವರನ್ನು ನಂಬಿದರೆ ಸಂಘ ನಿಲ್ಲದು ಎಂದು ರೈಫಿಸನ್ನರಿಗೆ ಆಗ ಮನವರಿಕೆಯಾಯಿತು. 1864ರಲ್ಲಿ ಹೊಸ ಸಂಘ ಮಾಡಿದರು. ಸಾಲ ಬೇಕಾದವನೇ ಸದಸ್ಯ, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಆಡಳಿತದವರಿಗೆ ಸಂಬಳವಿಲ್ಲ, ಉಳಿತಾಯವೆಲ್ಲ ಸಂಘದ ನಿಧಿಗೆ.

1863ರಲ್ಲಿ ಹೆಂಡತಿ ತೀರಿಕೊಂಡಿದ್ದರು. 1865ರಲ್ಲಿ ಅನಾರೋಗ್ಯದಿಂದ ಕೆಲಸ ಬಿಟ್ಟರು. ಕಣ್ಣು ಮಂಜಾದರೂ ಮಗಳು ಅಮಾಲಿಯ ನೆರವಿನಿಂದ ಸಾಲದ ಸಂಘಗಳ ಬಗ್ಗೆ ಪುಸ್ತಕ ಬರೆದು 1866ರಲ್ಲಿ ಹೊರತಂದರು. 1888ರ ಮಾರ್ಚ್ 11ರಂದು ನಿಧನರಾದರು.

ಮದರಾಸು ಸರಕಾರದ ಅಧಿಕಾರಿ ನಿಕಲ್ಸನ್ ಈ ಪದ್ಧತಿಯನ್ನು ಅಭ್ಯಾಸ ಮಾಡಿ 1895ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಕಾಯಿದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಅಧ್ಯಕ್ಷತೆಯಲ್ಲಿ ಕೃಷಿ ಪತ್ತಿನ ಸಂಘ ಶುರುವಾಯಿತು. ನಮ್ಮ ಸಂಘವೂ ಅದೇ ಬಳ್ಳಿಯ ಕಾಯಿ.

ಸಾಲ ವಸೂಲಿಗೆ ನಾವು ಬಾಗಿಲಿಗೆ ಬಂದರೆ ಕೆಲವರು ಒಳಗೇ ಉಳೀತಾರೆ. ನಾವೂ ಮಳೆ ಇಲ್ಲದ ವರ್ಷ ಕಂತು ಬಾಕಿ ಇಟ್ಟವರೇ, ಆ ಸಂಕಟ ಗೊತ್ತು. ಆದರೆ ಒಬ್ಬರು ಕಟ್ಟದೆ ಬಿಟ್ಟ ಹಣ ಪಕ್ಕದ ಹೊಲದವರ ಬೀಜ ಗೊಬ್ಬರಕ್ಕೆ ಸಿಗದೆ ಹೋಗುತ್ತದೆ. ಇದನ್ನು ನಾವು ನೀವೆಲ್ಲರೂ ನೆನಪಿಟ್ಟರೆ ಸಂಘ ಸುವರ್ಣ ಮಹೋತ್ಸವವನ್ನೂ ಕಂಡೀತು.