ಅಗ್ಗದ ಮಾತ್ರೆಗಾಗಿ ದುಡಿದ ರಸಾಯನಶಾಸ್ತ್ರಜ್ಞ

ಇಳಕಲ್‌ನ ಕೈಮಗ್ಗದ ಮುಂದೆ ದಿನವಿಡೀ ಕುಳಿತ ನೇಕಾರನಿಗೆ ಬೆನ್ನುನೋವು ಹೊಸದಲ್ಲ. ಬಾದಾಮಿ, ಹುನಗುಂದದ ಹೊಲಗಳಲ್ಲಿ ದುಡಿಯುವವರಿಗೂ ಬಾಗಲಕೋಟೆಯ ಕಚೇರಿ ನೌಕರರಿಗೂ ಮೈಕೈನೋವು ಬಂದೊಡನೆ ನೆನಪಾಗುವುದು ಪ್ಯಾರಾಸಿಟಮಾಲ್. ಅದು ಕ್ರೋಸಿನ್, ಕ್ಯಾಲ್ಪಾಲ್, ಡೋಲೊ ಎಂಬ ಹೆಸರುಗಳಲ್ಲಿ ದೊರೆಯುತ್ತದೆ. ಜನೌಷಧಿ ಕೇಂದ್ರದಲ್ಲಿ ಕೇವಲ ಪ್ಯಾರಾಸಿಟಮಾಲ್ ಎಂಬ ಮೂಲ ಹೆಸರಿನಲ್ಲಿ, ಕಡಿಮೆ ಬೆಲೆಗೆ ದೊರೆಯುತ್ತದೆ. ಭಾರತದಲ್ಲಿ ಅಗ್ಗದ ಔಷಧದ ಉದ್ಯಮ ಬೇರೂರುವಂತೆ ಮಾಡಿದವರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಪ್ರಮುಖರು.

1898ರ ಅಕ್ಟೋಬರ್ 31ರಂದು ಅಲಿಗಢದಲ್ಲಿ ಜನಿಸಿದ ಹಮೀದ್, ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾದವರು. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು. ದೇಶಕ್ಕೆ ಬೇಕಾದ ಔಷಧ ದೇಶದಲ್ಲಿಯೇ ತಯಾರಾಗಬೇಕೆಂಬುದು ಅವರ ಹಂಬಲವಾಗಿತ್ತು. 1935ರಲ್ಲಿ ಮುಂಬೈಯಲ್ಲಿ ಸಿಪ್ಲಾ ಸ್ಥಾಪಿಸಿದರು. 1939ರ ಜುಲೈ 4ರಂದು ಗಾಂಧೀಜಿ ಆ ಕಾರ್ಖಾನೆಗೆ ಭೇಟಿ ನೀಡಿದರು. ಎರಡನೆಯ ಮಹಾಯುದ್ಧದಿಂದ ಆಮದು ಕುಸಿದಾಗ ದೇಶೀ ಔಷಧಗಳ ಬೆಲೆ ಎಲ್ಲರಿಗೂ ಅರಿವಾಯಿತು.

ಹಮೀದ್ 1937ರಿಂದ 1962ರವರೆಗೆ ಮುಂಬೈ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ಇಂದಿನ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೇ ಮುಂಬೈ ಆಡಳಿತದ ಬಿಜಾಪುರ ಜಿಲ್ಲೆಗೆ ಸೇರಿದ್ದವು ಎಂಬುದು ಗಮನಾರ್ಹ.

1911ರ ಪೇಟೆಂಟ್ ಕಾಯ್ದೆ ವಿದೇಶಿ ಸಂಸ್ಥೆಗಳ ಹೊಸ ಔಷಧಗಳಿಗೆ ಭದ್ರಕೋಟೆಯಾಗಿತ್ತು. ಅದು ಬದಲಾಗಬೇಕೆಂದು ದೇಶೀ ಉದ್ಯಮ ಒತ್ತಾಯಿಸಿತು. ಹಮೀದ್ ಆ ಸಾಲಿನ ಮುಂಚೂಣಿಯಲ್ಲಿದ್ದರು. 1970ರ ಕಾಯ್ದೆ ಔಷಧ ವಸ್ತುವಿಗೆ ಪೇಟೆಂಟ್ ನೀಡುವುದನ್ನು ನಿಲ್ಲಿಸಿ, ತಯಾರಿಕಾ ವಿಧಾನಕ್ಕಷ್ಟೇ ಸೀಮಿತಗೊಳಿಸಿತು. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ದಾರಿ ತೆರೆಯಿತು. 1972ರ ಏಪ್ರಿಲ್ 20ರಂದು ಕಾಯ್ದೆ ಜಾರಿಗೆ ಬಂತು. ಜೂನ್ 23ರಂದು ಹಮೀದ್ ಕಣ್ಮುಚ್ಚಿದರು. ಅದರ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 2005ರಲ್ಲಿ ವಸ್ತು ಪೇಟೆಂಟ್ ಮರಳಿ ಬಂದರೂ ಅಷ್ಟರೊಳಗೆ ದೇಶೀ ಉದ್ಯಮ ಗಟ್ಟಿಯಾಗಿತ್ತು.

ಪ್ಯಾರಾಸಿಟಮಾಲ್ 1878ರಲ್ಲಿಯೇ ತಯಾರಾದ ಹಳೆಯ ವಸ್ತು. ಅದಕ್ಕೆ ಪೇಟೆಂಟಿನ ಅಡ್ಡಿಯಿಲ್ಲ. ಬೆಲೆಯ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಹೆಸರು, ಪ್ರಚಾರ, ಮಾರಾಟದ ಜಾಲವೇ ಕಾರಣ. 500 ಮಿಲಿಗ್ರಾಂ ಮಾತ್ರೆ ಯಾವ ಹೆಸರಿನದಾದರೂ ಭಾರತೀಯ ಔಷಧ ಸಂಹಿತೆಯ ಒಂದೇ ಮಾನದಂಡಕ್ಕೆ ಒಳಪಡಬೇಕು. ಪರೀಕ್ಷೆಯಲ್ಲಿ ಸೋತ ಮಾತ್ರೆ ಹೆಸರು ದೊಡ್ಡದಾದರೂ ಕಳಪೆಯೇ. ಹಮೀದ್ ಕಟ್ಟಿದ ಸಿಪ್ಲಾ ಕೂಡ ಮುಂದೆ ತನ್ನದೇ ಹೆಸರುಗಳಲ್ಲಿ ಔಷಧ ಮಾರಿತೆಂಬುದನ್ನು ಮರೆಯುವಂತಿಲ್ಲ.

ಕೊಳ್ಳುವವರು ಓದಬೇಕಾದದ್ದು ಪಟ್ಟಿಯ ಮೇಲಿನ ದೊಡ್ಡ ಅಕ್ಷರಗಳನ್ನಲ್ಲ, ಕೆಳಗಿನ ಸಣ್ಣ ಅಕ್ಷರಗಳನ್ನು. ಎರಡು ಹೆಸರಿನ ಮಾತ್ರೆಗಳನ್ನು ಬೇರೆಬೇರೆ ಔಷಧವೆಂದು ಭಾವಿಸಿ ಒಟ್ಟಿಗೆ ನುಂಗಿದರೆ ಪ್ಯಾರಾಸಿಟಮಾಲ್ ಪ್ರಮಾಣ ಇಮ್ಮಡಿಯಾದೀತು. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ಮೀರಿದರೆ ಯಕೃತ್ತಿಗೆ ಅಪಾಯ. ಯಕೃತ್ತಿನ ತೊಂದರೆಯುಳ್ಳವರೂ ಮದ್ಯ ಸೇವಿಸುವವರೂ ವೈದ್ಯರನ್ನು ಕೇಳಿಯೇ ಸೇವಿಸಬೇಕು. ನೋವು ಬಿಡದಿದ್ದರೆ ಬೇಕಾದುದು ಹೆಚ್ಚು ಬೆಲೆಯ ಮಾತ್ರೆಯಲ್ಲ, ವೈದ್ಯರ ತಪಾಸಣೆ.