ಕಟ್ಟಿದ ದೊರೆ, ಕಾಯುವ ಬಣ್ಣ

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಕೊರೋಷನ್ ಮಾಡ್ಯೂಲ್ ಓದಿದ್ದು ನೆನಪಿದೆಯಾ ಗೆಳೆಯರೇ? ಕಬ್ಬಿಣ, ನೀರು, ಆಕ್ಸಿಜನ್, ತುಕ್ಕು. ಓದಿದೆವು, ಬರೆದೆವು, ಮರೆತೆವು. ಅದು ಮತ್ತೆ ನೆನಪಾದದ್ದು ಡಿಸೆಂಬರ್ ತಿಂಗಳಲ್ಲಿ, ಮದ್ದೂರಿನ ಹತ್ತಿರ ನಮ್ಮಲ್ಲೊಬ್ಬರ ತಾತನ ಆಲೆಮನೆಗೆ ಹೋದಾಗ. ಬೆಳಿಗ್ಗೆ ಆರು ಗಂಟೆ. ಮಳೆ ಇಲ್ಲ, ಆದರೂ ತಗಡಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಚಳಿ, ಒಳಗೆ ಕೊಪ್ಪರಿಗೆಯ ಹಬೆ. ತಣ್ಣಗಿನ ತಗಡಿಗೆ ಹಬೆ ತಾಗಿ ನೀರಾಗುತ್ತಿತ್ತು. ಹಿಂದಿನ ವರ್ಷವಷ್ಟೇ ಹೊಡೆಸಿದ ಪೇಂಟು ಹಪ್ಪಳದ ಹಾಗೆ ಎದ್ದು ನಿಂತಿತ್ತು. ಹಳೇ ತುಕ್ಕನ್ನು ಕೆರೆಯದೆ ಅದರ ಮೇಲೇ ಬಳಿಸಿದ್ದರಂತೆ. ಅರ್ಧ ಸೂರು ಹೊಸದಾಗಿ ಹಾಕಿಸಲು ತಾತ ಸಾಲ ಮಾಡಬೇಕಾಯಿತು.

ಅದೇ ಆಲೆಮನೆಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಫೋಟೋ ಇತ್ತು. ಮಂಡ್ಯದ ಕಡೆ ಇದು ಹೊಸದೇನಲ್ಲ. ನಾವು ಚಿಕ್ಕಂದಿನಿಂದ ನೋಡಿದ ಆ ಮುಖದ ಹಿಂದಿನ ಬದುಕನ್ನು ಆಮೇಲೆ ಕೂತು ಓದಿದೆವು. ಓದುತ್ತಾ ಹೋದ ಹಾಗೆ ಅದು ಕಟ್ಟಿದ್ದರ ಕಥೆಯಷ್ಟೇ ಅಲ್ಲ, ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಥೆಯೂ ಹೌದು ಅನ್ನಿಸಿತು.

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. 1894ರ ಕೊನೆಯಲ್ಲಿ ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಹತ್ತು ವರ್ಷದ ಹುಡುಗ ಮಹಾರಾಜನಾದ. ಆಡಳಿತವನ್ನು ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ನೋಡಿಕೊಂಡರು. 1897ರಲ್ಲಿ ಅಕ್ಕ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಮರದ ಅರಮನೆ ಬೆಂಕಿಗೆ ಸಿಕ್ಕಿತು. ಆಗ ಅವರಿಗೆ ಹನ್ನೆರಡು ವರ್ಷ. ಹುಟ್ಟಿ ಬೆಳೆದ ಮನೆ ಸುಟ್ಟುಹೋಗುವುದನ್ನು ಕಂಡ ಹುಡುಗನ ಮನಸ್ಸಲ್ಲಿ ಏನಿತ್ತೋ ನಾವು ಹೇಳಲಾರೆವು. ಆದರೆ ಆ ಜಾಗದಲ್ಲಿ 1912ರ ಹೊತ್ತಿಗೆ ಎದ್ದು ನಿಂತ ಹೊಸ ಅರಮನೆ ಮರದ್ದಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಅವುಗಳ ಬಣ್ಣ ಚಂದಕ್ಕೆ ಮಾತ್ರ ಅಂದುಕೊಂಡಿದ್ದೆವು. ಕಬ್ಬಿಣಕ್ಕೆ ಬಣ್ಣ ಅಂದರೆ ಅಂಗಿಯಲ್ಲ, ಚರ್ಮ.

1902 ದೊಡ್ಡ ವರ್ಷ. ಜೂನ್ ಕೊನೆಯಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು ಅದು. ನೋಡಲು ಅವರೇ ಇರಲಿಲ್ಲ, ಹಿಂದಿನ ವರ್ಷ ತೀರಿಕೊಂಡಿದ್ದರು. ಆಗಸ್ಟ್ 8ರಂದು ಹದಿನೆಂಟರ ನಾಲ್ವಡಿಯವರು ಪೂರ್ಣ ಅಧಿಕಾರ ವಹಿಸಿಕೊಂಡರು. ಅಂದರೆ ನಮಗಿಂತ ಒಂದು ವರ್ಷ ಚಿಕ್ಕವರು! 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು.

ಶಿವನಸಮುದ್ರದಂಥ ಕಡೆ ಯಂತ್ರಕ್ಕಿಂತ ಮೊದಲು ನೆನೆಯುವುದು ಕಟ್ಟಡ. ಜಲಪಾತದ ತುಂತುರು, ಕಣಿವೆಯ ಮಂಜು, ಮಧ್ಯಾಹ್ನದ ಬಿಸಿಲು. ಕೆನಡಾದಂಥ ದೇಶದಲ್ಲಿ ಚಳಿಗಾಲ ಅಂದರೆ ಗೋಡೆಯ ಸಣ್ಣ ರಂಧ್ರದೊಳಗೆ ಸೇರಿದ ನೀರು ಹೆಪ್ಪುಗಟ್ಟುತ್ತದೆ, ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಕಾಂಕ್ರೀಟನ್ನೇ ಸೀಳುತ್ತದೆ. ನಮ್ಮಲ್ಲಿ ಹಿಮ ಬೀಳಲ್ಲ. ಆದರೆ ಮಾರ್ಗಶಿರ, ಪುಷ್ಯದ ರಾತ್ರಿಗಳಲ್ಲಿ ತಗಡು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಕೂರುತ್ತದೆ. ಹಗಲು ಅದೇ ತಗಡು ಕಾದು ಹಿಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗಿ, ಬಿಗಿಯಾದ ಪೇಂಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋದರೆ ತುಕ್ಕು ಪೇಂಟಿನ ಅಡಿಯಲ್ಲೇ ಹರಡುತ್ತದೆ. ಹೊರಗಿಂದ ಗೊತ್ತೇ ಆಗಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿಬಿಡ್ತೀವಿ. 1911ರಲ್ಲಿ ಕನ್ನಂಬಾಡಿ ಕೆಲಸ ಶುರು, ಚೀಫ್ ಎಂಜಿನಿಯರ್ ವಿಶ್ವೇಶ್ವರಯ್ಯನವರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ. ಮದ್ರಾಸಿನ ಜೊತೆ ವರ್ಷಗಟ್ಟಲೆ ತಕರಾರು, 1924ರಲ್ಲಿ ಒಪ್ಪಂದ. ನಡುವೆ ದುಡ್ಡಿನ ಕಷ್ಟ. ಮಹಾರಾಜರು ಕೆಲಸ ನಿಲ್ಲಲು ಬಿಡಲಿಲ್ಲ.

ಆದರೆ ಕನ್ನಂಬಾಡಿಯ ಗಾರೆಯ ಮುಂದೆ ಸ್ವಲ್ಪ ನಿಲ್ಲಲೇಬೇಕು. ಅಲ್ಲಿ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ: ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ. ಬರೀ ಸುಣ್ಣ ನೀರಲ್ಲಿ ಗಟ್ಟಿಯಾಗಲ್ಲ. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ಸೇರಿದಾಗ ನೀರಿನಲ್ಲೂ ಬಿಗಿಯುವ ಗಾರೆ ಆಗುತ್ತದೆ. ಮಲೆನಾಡಿನ ಮಳೆ ನೋಡಿ 124.80 ಅಡಿ ಲೆಕ್ಕ ಹಾಕುವ ನಮ್ಮೂರಿನವರ ಬದುಕು ನಿಂತಿರುವುದು ಆ ಗಾರೆಯ ಮೇಲೆ. ಹಳೇ ಮನೆಗಳ ಸುಣ್ಣದ ಗೋಡೆಗೂ ಇದೇ ಪಾಠ. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಗಾರೆ ಉದುರುತ್ತದೆ. ಹಬ್ಬಕ್ಕೆ ಅಜ್ಜಿ ಸುಣ್ಣ ಹೊಡೆಸುತ್ತಿದ್ದದ್ದು ಹಳೇ ಕಾಲದ ಮೆಂಟೆನೆನ್ಸ್ ಶೆಡ್ಯೂಲ್ ಅಂತ ನಮಗೆ ಈಗ ಗೊತ್ತಾಗ್ತಿದೆ.

ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಗೆ ಬಂತು. ರಾಗಿ ಬೆಳೆಯುತ್ತಿದ್ದ ಕಡೆ ಕಬ್ಬು ನಿಂತಿತು. ಕಬ್ಬಿಗೆ ಕಾರ್ಖಾನೆ ಬೇಕಲ್ಲ? 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ದುಡಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಹಿಮದ ನಾಡು ಕೆನಡಾದಲ್ಲಿ ಹುಟ್ಟಿದವರು ಮಂಡ್ಯದ ಬಿಸಿಲಿಗೆ ಬಂದು ಸಕ್ಕರೆ ಕಾರ್ಖಾನೆಗೆ ದುಡಿದರು!

ಸಕ್ಕರೆ ಕಾರ್ಖಾನೆ ಅಂದರೆ ದೊಡ್ಡ ಆಲೆಮನೆ. ಅಲ್ಲಿ ಬಿಸಿ ಹಬೆ ಇದೆ, ಚೆಲ್ಲಿದ ಕಬ್ಬಿನ ಹಾಲು ಹುಳಿಯಾಗಿ ಆಗುವ ಆಮ್ಲ ಇದೆ, ಮೇಲೆ ತಣ್ಣನೆ ತಗಡು ಇದೆ. ಆಮ್ಲ ಕಬ್ಬಿಣವನ್ನಷ್ಟೇ ಅಲ್ಲ, ಕಾಂಕ್ರೀಟಿನ ನೆಲವನ್ನೂ ತಿನ್ನುತ್ತದೆ. ಅದಕ್ಕೇ ಇಂಥ ಕಡೆ ಒಂದು ಕೋಟ್ ಸಾಲದು. ಮೊದಲು ತುಕ್ಕು ಕೆರೆದು ಲೋಹ ಕಾಣಬೇಕು. ಮೇಲೆ ಜಿಂಕ್ ಇರುವ ಪ್ರೈಮರ್. ಜಿಂಕ್ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಅದರ ಮೇಲೆ ನೀರು ತಡೆಯುವ ಎಪಾಕ್ಸಿ. ಬಿಸಿಲು ಬೀಳುವ ಕಡೆ ಕೊನೆಗೆ ಪಾಲಿಯುರೆಥೇನ್, ಯಾಕಂದರೆ ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ. ಇಬ್ಬನಿ ಆರುವ ಮೊದಲು ಬಳಿದರೆ ಇಷ್ಟೂ ದಂಡ.

1937ರಲ್ಲಿ ನಾಲ್ವಡಿಯವರ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಕಾಡಿನ ಅರಗು ಅದರ ಕಚ್ಚಾವಸ್ತು. ಇವತ್ತಿಗೂ ಅದು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಆಗಿ ಇದೆ. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಯದೇ. ನಾವೆಲ್ಲ ಆ ಶಾಯಿಯನ್ನು ಮಾತ್ರ ನೆನೆಯುತ್ತೇವೆ. ಆದರೆ ಅಣೆಕಟ್ಟು, ವಿದ್ಯುದಾಗಾರ, ಕಾರ್ಖಾನೆ ಎಲ್ಲಾ ಆದ ಮೇಲೆ ಒಂದು ನಾಡು ಬಣ್ಣ, ವಾರ್ನಿಷ್ ತಾನೇ ಮಾಡಿಕೊಳ್ಳಲು ಹೊರಟಿತಲ್ಲ, ನಮಗೆ ಅದೇ ದೊಡ್ಡದಾಗಿ ಕಂಡಿತು.

1939ರ ಜುಲೈ 1ರಂದು ಮಂಡ್ಯ ಜಿಲ್ಲೆಯಾಯಿತು. 1940ರ ಮಾರ್ಚಿನಲ್ಲಿ ತಮ್ಮ ಯುವರಾಜ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್ 3ರಂದು, 56ರ ವಯಸ್ಸಿನಲ್ಲಿ, ನಾಲ್ವಡಿಯವರೂ ಹೊರಟುಹೋದರು.

ಮಂಡ್ಯದ ಸಕ್ಕರೆ ಕಾರ್ಖಾನೆ ನಡುವೆ ಕೆಲವು ವರ್ಷ ನಿಂತುಹೋಗಿ ಮತ್ತೆ ಶುರುವಾಗಿದೆ. ನಿಂತ ಯಂತ್ರಕ್ಕೆ ಓಡುವ ಯಂತ್ರಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ, ಯಾಕಂದರೆ ಅದರ ಕಡೆ ಯಾರೂ ನೋಡಲ್ಲ. ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ಹೊಸದು ಕಟ್ಟುವ ಆಸೆ. ಕಟ್ಟೋದು ಒಂದು ಸಲ, ಕಾಯೋದು ಪ್ರತಿ ವರ್ಷ. ಈ ಸಂಕ್ರಾಂತಿಗೆ ತಾತನ ಆಲೆಮನೆಗೆ ಮತ್ತೆ ಹೋಗ್ತಿದ್ದೀವಿ. ಉಳಿದ ಅರ್ಧ ಸೂರಿನ ತುಕ್ಕು ಕೆರೆಯೋಕೆ ವೈರ್ ಬ್ರಷ್ ತಗೊಂಡಿದ್ದೀವಿ. ಇಬ್ಬನಿ ಆರಿದ ಮೇಲೆ ಶುರು ಮಾಡ್ತೀವಿ. ಬರೋರು ಬನ್ನಿ, ಬಿಸಿ ಬೆಲ್ಲ ಗ್ಯಾರಂಟಿ.