ಗಂಗಾಮೂಲದ ಪಂಡಿತೆ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಗಂಗಾಮೂಲದ ಹೆಸರನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಭೂಗೋಳದ ಪಾಠದಲ್ಲಿ ಓದಿರುತ್ತಾರೆ. ಆದರೆ ಅದೇ ಕಾಡಿನ ಒಂದು ಗುಡಿಸಲಿನಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತೆಂಬುದನ್ನು ಬಲ್ಲವರು ಕಡಮೆ. ಆ ಮಗುವೇ ಮುಂದೆ ಪಂಡಿತಾ ರಮಾಬಾಯಿಯವರೆಂದು ದೇಶವಿದೇಶಗಳಲ್ಲಿ ಹೆಸರಾದರು. ನಮ್ಮ ಹಿರಿಯರಂತೆಯೇ ಪಶ್ಚಿಮ ಘಟ್ಟದ ಕಡೆಯಿಂದ ಬಂದು ಮುಂಬಯಿಯಲ್ಲಿ ಶಾಲೆಯೊಂದನ್ನು ತೆರೆದ ಈ ಮಹಿಳೆಯ ಜೀವನವನ್ನು ನಮ್ಮ ಮಕ್ಕಳು ಅರಿತಿರಬೇಕಾದುದು ಅವಶ್ಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.

ರಮಾಬಾಯಿಯವರ ಕಥೆಯನ್ನು ಅವರ ತಂದೆಯಿಂದಲೇ ಆರಂಭಿಸಬೇಕು. ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳ ಗ್ರಾಮದವರು. ವಿದ್ಯಾರ್ಥಿಯಾಗಿ ಪುಣೆಗೆ ಹೋದಾಗ ಅವರ ಗುರುಗಳು ಎರಡನೆಯ ಬಾಜೀರಾಯ ಪೇಶವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಗುರುಗಳೊಡನೆ ಹೋಗುತ್ತಿದ್ದ ಶಿಷ್ಯನು, ಹೆಂಗಸೊಬ್ಬಳು ಶುದ್ಧವಾಗಿ ಶ್ಲೋಕಗಳನ್ನು ಹೇಳುವುದನ್ನು ಕೇಳಿ ಬೆರಗಾದನು. ತನ್ನ ಹೆಂಡತಿಗೂ ಈ ವಿದ್ಯೆಯನ್ನು ಕಲಿಸಬೇಕೆಂಬ ಸಂಕಲ್ಪವು ಅಂದೇ ಅವನ ಮನಸ್ಸಿನಲ್ಲಿ ಬೇರೂರಿತು. ಆದರೆ ಊರಿಗೆ ಮರಳಿ ಪಾಠವನ್ನಾರಂಭಿಸಿದರೆ ಮನೆಯ ಹಿರಿಯರು ಒಪ್ಪಲಿಲ್ಲ, ಹೆಂಡತಿಗೂ ಮನಸ್ಸಿರಲಿಲ್ಲ. ಸಂಕಲ್ಪವು ಹಾಗೆಯೇ ಉಳಿಯಿತು.

ಆಕೆ ತೀರಿಕೊಂಡ ಮೇಲೆ, ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿದ್ದಾಗ ಗೋದಾವರಿಯ ದಡದಲ್ಲಿ ಯಾತ್ರಿಕನೊಬ್ಬನು ತನ್ನ ಮಗಳು ಲಕ್ಷ್ಮೀಬಾಯಿಯನ್ನು ಅವರಿಗೆ ಧಾರೆಯೆರೆದು ಕೊಟ್ಟನು. ವರನಿಗೆ ನಾಲ್ವತ್ತು ಮೀರಿತ್ತು; ವಧುವಿಗೆ ಒಂಬತ್ತು ವರ್ಷ. ಇಂದು ಕೇಳಿದರೆ ಮನಸ್ಸು ನೋಯುವ ಸಂಗತಿಯಿದು. ಅಂದು ಅದು ರೂಢಿ. ಆದರೆ ಮುಂದಿನದು ರೂಢಿಯಾಗಿರಲಿಲ್ಲ. ಶಾಸ್ತ್ರಿಗಳು ಆ ಬಾಲಿಕೆಗೆ ಸಂಸ್ಕೃತವನ್ನು ಕಲಿಸತೊಡಗಿದರು. ಜನರು ಗುಲ್ಲೆಬ್ಬಿಸಿದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ತಮ್ಮ ನಡತೆಗೆ ಉತ್ತರ ಹೇಳಬೇಕಾಯಿತು. ಸ್ತ್ರೀಯರು ಪುರಾಣಾದಿಗಳನ್ನು ಓದಬಹುದೆಂಬುದಕ್ಕೆ ಅವರು ಶಾಸ್ತ್ರಗಳಿಂದಲೇ ಆಧಾರಗಳನ್ನು ಎತ್ತಿ ತೋರಿಸಿದರು. ವಾದದಲ್ಲಿ ಗೆದ್ದರೂ ಊರಿನ ಮನಸ್ಸನ್ನು ಗೆಲ್ಲಲಾಗಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡನ್ನು ಸೇರಿದರು. ಮೊದಲ ರಾತ್ರಿ ತಲೆಯ ಮೇಲೆ ಸೂರಿಲ್ಲ. ಕಣಿವೆಯ ಆಚೆ ಹುಲಿಯೊಂದು ರಾತ್ರಿಯೆಲ್ಲ ಅಬ್ಬರಿಸುತ್ತಿತ್ತಂತೆ. ಹುಡುಗಿ ದುಪ್ಪಟಿಯೊಳಗೆ ಮುದುಡಿ ಉಸಿರು ಬಿಗಿಹಿಡಿದು ಮಲಗಿದ್ದಳು. ಗಂಡನು ಬೆಳಗಿನವರೆಗೆ ಕಾವಲು ಕುಳಿತಿದ್ದನು. ಹೆಣ್ಣಿಗೆ ಅಕ್ಷರ ಕಲಿಸಲು ಹೊರಟವರಿಗೆ ಅಂದು ಊರಿಗಿಂತ ಕಾಡೇ ಸುರಕ್ಷಿತವಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಕಾಡಿನಲ್ಲಿ ಪಾಠಶಾಲೆ ಬೆಳೆಯಿತು. ದೂರದೂರದಿಂದ ಶಿಷ್ಯರೂ ಯಾತ್ರಿಕರೂ ಬರತೊಡಗಿದರು. ಬಂದವರಿಗೆಲ್ಲ ಅನ್ನವಿಟ್ಟು ಶಾಸ್ತ್ರಿಗಳ ಕೈ ಬರಿದಾಯಿತು, ಸಾಲ ಬೆಳೆಯಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಕಾಡನ್ನು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಮಗುವನ್ನು ಬೆಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಅವರಿಗೆ ಮನೆಯೆಂಬುದಿಲ್ಲ. ದೇವಸ್ಥಾನಗಳಲ್ಲಿಯೂ ನದಿಗಳ ಘಾಟುಗಳಲ್ಲಿಯೂ ಪುರಾಣ ಹೇಳಿ, ಕೇಳಿದವರು ಕೊಟ್ಟುದರಿಂದ ಹೊಟ್ಟೆ ಹೊರೆಯುತ್ತ ಕುಟುಂಬವು ದೇಶವೆಲ್ಲ ಅಲೆಯಿತು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ತಾಯಿಯೇ ಗುರು. ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದವರು ಆ ಲಕ್ಷ್ಮೀಬಾಯಿಯೇ. ಹುಲಿಯ ಅಬ್ಬರಕ್ಕೆ ನಡುಗಿದ್ದ ಅದೇ ಬಾಲಿಕೆ. ಹದಿಹರೆಯ ಮುಟ್ಟುವುದರೊಳಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮಾಬಾಯಿಯವರಿಗೆ ಕಂಠಪಾಠವಾಗಿದ್ದುವೆಂದು ಹೇಳುತ್ತಾರೆ. ಹಿರಿಯ ಮಗಳ ಬಾಲ್ಯವಿವಾಹವು ದುಃಖಕರವಾಗಿ ಪರಿಣಮಿಸಿದ್ದರಿಂದ ಕಿರಿಯಳಿಗೆ ತಂದೆತಾಯಿಗಳು ಮದುವೆಯ ಆತುರಪಡಲಿಲ್ಲ.

ಅಷ್ಟರಲ್ಲಿ ದಕ್ಷಿಣದಲ್ಲಿ ಬರಗಾಲ ಬಂದಿತು. ಪುರಾಣ ಕೇಳುವವರೇ ಉಪವಾಸವಿದ್ದಾಗ ಪೌರಾಣಿಕರಿಗೆ ಕೊಡುವವರಾರು? 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ಹೋದರು. ತರುವಾಯ ಅಕ್ಕನೂ ಹೋದಳು. ತಾಯಿಯ ಶವವನ್ನು ಸ್ಮಶಾನಕ್ಕೆ ಒಯ್ಯಲು ಜನ ಸಿಕ್ಕಲಿಲ್ಲ. ಕನಿಕರಪಟ್ಟು ಇಬ್ಬರು ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಬಾಯಿಯವರದು. ಅವರು ಎತ್ತರದಲ್ಲಿ ಗಿಡ್ಡ. ಹೆಗಲು ನಿಲುಕದೆ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದರು.

ಅಣ್ಣತಂಗಿಯರಿಬ್ಬರೇ ಉಳಿದು ಬರಿಗಾಲಿನಲ್ಲಿ ಸಾವಿರಾರು ಮೈಲಿ ಅಲೆದು 1878ರಲ್ಲಿ ಕಲಕತ್ತೆಯನ್ನು ತಲುಪಿದರು. ಅಲ್ಲಿಯ ವಿದ್ವಾಂಸರು ಈ ಇಪ್ಪತ್ತು ವರ್ಷದ ಯುವತಿಯನ್ನು ಸಂಸ್ಕೃತದಲ್ಲಿ ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತರು. ಆದರೆ ಸನ್ಮಾನದ ಜೊತೆಗೇ ಶೋಕವೂ ಬಂದಿತು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಅವರು ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ವಾಂತಿಭೇದಿಯ ಬೇನೆಯಿಂದ ಪತಿಯೂ ಇಲ್ಲವಾದರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಒಂದು ವರ್ಷವೂ ತುಂಬದ ಕೂಸು. ಕೈಯಲ್ಲಿದ್ದುದು ತಾಯಿ ಕಲಿಸಿದ ವಿದ್ಯೆಯೊಂದೇ.

ಅವರು ಪುಣೆಗೆ ಬಂದರು. ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಆಗ ಸರಕಾರವು ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವೊಂದನ್ನು ನೇಮಿಸಿತ್ತು. ಅದರ ಮುಂದೆ ರಮಾಬಾಯಿಯವರು ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಸ್ತ್ರೀಯರೇ ಬೇಕು, ಅವರ ಶಾಲೆಗಳನ್ನು ತನಿಖೆ ಮಾಡಲು ಸ್ತ್ರೀಯರೇ ಬೇಕು ಎಂದು ಕೇಳಿದುದಲ್ಲದೆ, ಅವರು ಇನ್ನೊಂದು ಮಾತನ್ನು ಒತ್ತಿ ಹೇಳಿದರು. ಪುರುಷ ವೈದ್ಯನಿಗೆ ರೋಗವನ್ನು ಹೇಳಿಕೊಳ್ಳಲು ನಾಚಿ ಅನೇಕ ಹೆಂಗಸರು ಅಕಾಲಮರಣಕ್ಕೆ ತುತ್ತಾಗುತ್ತಾರೆ; ಆದುದರಿಂದ ವೈದ್ಯವಿದ್ಯೆಯ ಬಾಗಿಲನ್ನು ಸ್ತ್ರೀಯರಿಗೆ ತೆರೆಯಬೇಕೆಂಬುದೇ ಆ ಮಾತು. 1885ರಲ್ಲಿ ಲೇಡಿ ಡಫರಿನ್‌ರ ಹೆಸರಿನ ನಿಧಿಯಿಂದ ದೇಶದಲ್ಲಿ ಸ್ತ್ರೀ ವೈದ್ಯಕೀಯ ಸೇವೆಗೆ ಚಾಲನೆ ದೊರೆತುದಕ್ಕೆ ಈ ಸಾಕ್ಷ್ಯವೂ ಒಂದು ಪ್ರೇರಣೆಯೆಂದು ಹೇಳುವುದುಂಟು.

ಇತರರಿಗಾಗಿ ಕೇಳಿದುದನ್ನು ತಾವೇ ಕಲಿಯಬೇಕೆಂದು ಅವರು ಬಯಸಿದರು. ಸ್ತ್ರೀಧರ್ಮನೀತಿ ಎಂಬ ತಮ್ಮ ಮರಾಠಿ ಪುಸ್ತಕದಿಂದ ಬಂದ ಹಣದಿಂದ, ವೈದ್ಯವಿದ್ಯೆಯ ಆಸೆ ಹೊತ್ತು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆದರೆ ಅವರ ಕಿವಿ ಮಂದವಾಗತೊಡಗಿತ್ತು. ರೋಗಿಯ ಎದೆಬಡಿತವನ್ನು ಕೇಳಲಾಗದವರು ವೈದ್ಯರಾಗುವುದೆಂತು? ಆ ಆಸೆಯನ್ನು ಅವರು ಬಿಡಬೇಕಾಯಿತು. ಚೆಲ್ಟನ್‌ಹ್ಯಾಮ್ ಊರಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ವ್ಯಾಸಂಗ ಮಾಡಿದರು. ಅದೇ 1883ರ ಸೆಪ್ಟೆಂಬರಿನಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಸ್ವದೇಶದಲ್ಲಿ ಅವರನ್ನು ಹೊಗಳಿದ್ದ ಅನೇಕರಿಗೆ ಇದು ಮರೆಯಲಾಗದ ನೋವಾಯಿತು.

1886ರಲ್ಲಿ ಅವರು ಅಮೆರಿಕೆಗೆ ಹೋದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅವರ ಬಂಧು ಆನಂದಿಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭವನ್ನು ನೋಡಲೆಂದು ಆ ಪ್ರಯಾಣ. ತಮಗೆ ಒದಗದ ಪದವಿಯನ್ನು ನಮ್ಮ ನಾಡಿನ ಇನ್ನೊಬ್ಬ ಹೆಣ್ಣುಮಗಳು ಪಡೆದುದನ್ನು ಅವರು ಕಣ್ಣಾರೆ ಕಂಡರು. ಮರುವರ್ಷವೇ ಆನಂದಿಬಾಯಿಯವರು ಪುಣೆಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡರು. ಅದೇ 1887ರಲ್ಲಿ ರಮಾಬಾಯಿಯವರು ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದನ್ನು ಅವರು ಅರ್ಪಿಸಿದುದು ತಮ್ಮ ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. ಸಾವಿರಾರು ಪ್ರತಿಗಳು ಮಾರಾಟವಾದುವು. ಊರೂರಲ್ಲಿ ಭಾಷಣ ಮಾಡಿದರು. ಬಾಸ್ಟನ್ ನಗರದಲ್ಲಿ ಅವರ ಹೆಸರಿನ ಸಂಘವೊಂದು ಏರ್ಪಟ್ಟು, ವಿಧವೆಯರ ಶಾಲೆಗೆ ಹತ್ತು ವರ್ಷಗಳ ಕಾಲ ನೆರವನ್ನು ಕೊಡಲು ಒಪ್ಪಿಕೊಂಡಿತು. ಬಿಡುವಿನಲ್ಲಿ ಶಿಶುವಿಹಾರದ ಬೋಧನಾಕ್ರಮವನ್ನೂ ಕಲಿತರು.

1889ರ ಫೆಬ್ರವರಿಯಲ್ಲಿ ಅವರು ಮುಂಬಯಿಗೆ ಮರಳಿದರು. ಮಾರ್ಚ್ 11ರಂದು ಚೌಪಾಟಿಯ ಬಳಿ ಶಾರದಾ ಸದನವು ತೆರೆಯಿತು. ಮೊದಲು ಬಂದ ಬಾಲಿಕೆಯರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಕೇಶಮುಂಡನವನ್ನು ಅನುಭವಿಸಿದ್ದ ಆಕೆ ಇಲ್ಲಿ ಓದು ಬರಹ ಕಲಿತಳು. 1893ರಲ್ಲಿ ಆಕೆಯನ್ನು ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಅದೇ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನೂ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಒಂದು ದೀಪದಿಂದ ಇನ್ನೊಂದು ದೀಪ ಹತ್ತುವ ಬಗೆಯಿದು.

1890ರಲ್ಲಿ ಸದನವು ಪುಣೆಗೆ ಹೋಯಿತು. ರಾನಡೆ, ಭಂಡಾರಕರ್ ಮೊದಲಾದ ಹಿರಿಯರು ಸಲಹಾ ಮಂಡಲಿಯಲ್ಲಿದ್ದರು. ಅವರವರ ಆಚಾರವನ್ನು ಅವರವರು ನಡೆಸಿಕೊಂಡು ಹೋಗುವುದಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಬಾಲಿಕೆಯರು ಒಳಗೆ ಬಂದು ಕೂಡತೊಡಗಿದರು. ಕೇಸರಿ ಪತ್ರಿಕೆಯು ಇದನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ಸಲಹಾ ಮಂಡಲಿಯವರು ರಾಜೀನಾಮೆ ಕೊಟ್ಟರು. ಅನೇಕ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮಕ್ಕಳನ್ನು ನಂಬಿ ಒಪ್ಪಿಸಿದವರ ಆತಂಕವು ಸುಳ್ಳೆನ್ನುವಂತಿಲ್ಲ. ತಮ್ಮ ದೇವರನ್ನು ಮುಚ್ಚುಮರೆಯಿಂದ ಪೂಜಿಸಲು ಒಪ್ಪದವರ ಪ್ರಾಮಾಣಿಕತೆಯೂ ಸುಳ್ಳಲ್ಲ. ಇವೆರಡರ ನಡುವೆ ನಿಜವಾಗಿ ನಷ್ಟವಾದುದು ಓದುವ ಪುಸ್ತಕವನ್ನು ಅರ್ಧಕ್ಕೆ ಮಡಚಿಟ್ಟು ಮನೆಗೆ ಮರಳಿದ ಆ ಬಾಲಿಕೆಯರಿಗೆ. ರಮಾಬಾಯಿಯವರ ತಂದೆಯು ಹಿಂದೆ ಊರನ್ನು ಬಿಟ್ಟುಹೋದಂತೆಯೇ ಈಗ ಮಗಳೂ ತನ್ನವರಿಂದ ದೂರವಾಗಬೇಕಾಯಿತು. ಆದರೆ ಶಾಲೆಯನ್ನು ಅವರು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರಗಾಲ ಬಂದಿತು. ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತವರಿಗೆ ಬರಗಾಲವೆಂದರೇನೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಅವರು ತಾವೇ ಅಲ್ಲಿಗೆ ಹೋಗಿ, ಹಸಿದು ಎಲುಬುಗೂಡಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಹಬ್ಬಿದ್ದುದರಿಂದ ಅವರನ್ನು ಊರಿನಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಸುಮಾರು ನೂರು ಎಕರೆ ಬಯಲಿನಲ್ಲಿ ವಸತಿಯೆದ್ದಿತು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರಲ್ಲಿ ಗುಜರಾತಿನಲ್ಲಿಯೂ ಬರ ಬಿದ್ದಾಗ ಅಲ್ಲಿಂದಲೂ ಹೆಣ್ಣುಮಕ್ಕಳು ಬಂದರು. ಮುಕ್ತಿಯಲ್ಲಿದ್ದವರ ಸಂಖ್ಯೆಯು ಸುಮಾರು 2000ಕ್ಕೆ ಏರಿತು.

ಇಷ್ಟು ಜನರನ್ನು ಬರಿಯ ದಾನದ ಅನ್ನದಿಂದ ಸಾಕುವುದು ರಮಾಬಾಯಿಯವರಿಗೆ ಒಪ್ಪಿಗೆಯಾಗಲಿಲ್ಲ. ಕೊಡುವವರ ಕೈ ನಿಂತರೆ ಬದುಕೂ ನಿಲ್ಲುವುದೆಂಬುದನ್ನು ಅವರು ಪುರಾಣ ಹೇಳುತ್ತಿದ್ದ ದಿನಗಳಲ್ಲಿಯೇ ಕಲಿತಿದ್ದರು. ಆದುದರಿಂದ ಪ್ರತಿಯೊಬ್ಬಳಿಗೂ ಅಕ್ಷರದೊಡನೆ ಒಂದು ಕಸುಬೂ ಬೇಕೆಂದು ನಿಯಮ ಮಾಡಿದರು. ಬಾವಿಗಳನ್ನು ತೋಡಿಸಿದರು, ಹೊಲ ತೋಟಗಳನ್ನು ಎಬ್ಬಿಸಿದರು, ದನಗಳನ್ನು ಸಾಕಿದರು. ಕೆಲವರು ಮಗ್ಗದ ಮುಂದೆ ಕುಳಿತರು, ಕೆಲವರು ಗಾಣದಲ್ಲಿ ಎಣ್ಣೆ ತೆಗೆದರು, ಕೆಲವರು ಅಡಿಗೆಯನ್ನೂ ಹೊಲಿಗೆಯನ್ನೂ ಕಲಿತರು, ಇನ್ನು ಕೆಲವರು ರೋಗಿಗಳ ಶುಶ್ರೂಷೆ ಮಾಡಿದರು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವರೂ ಯಂತ್ರ ನಡೆಸುವವರೂ ಹೆಂಗಸರೇ. ಕುರುಡರಿಗೆ ಬ್ರೈಲ್ ಲಿಪಿಯನ್ನು ಕಲಿಸುವ ಏರ್ಪಾಡನ್ನು ಮಗಳು ಮನೋರಮೆ ನಡೆಸಿದಳು. ಸಮಾಜವು ಹೊರದಬ್ಬಿದ ಸ್ತ್ರೀಯರಿಗೂ ಅಲ್ಲಿ ಬೇರೊಂದು ಮನೆಯಿತ್ತು. 1912ರ ಸುಮಾರಿಗೆ ತಾಯಿಮಕ್ಕಳು ನಮ್ಮ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ಆರಂಭಿಸಿದರು. ಕನ್ನಡನಾಡಿನ ಕಾಡಿನಿಂದ ಹೊರಟ ವಿದ್ಯೆಯು ಹೀಗೆ ಮತ್ತೆ ಕನ್ನಡನಾಡಿಗೆ ಮರಳಿತು.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುವುದರಲ್ಲಿ ತೊಡಗಿದ್ದರು. ತಮ್ಮ ತರುವಾಯ ಮುಕ್ತಿಯನ್ನು ನಡೆಸುವಳೆಂದು ನಂಬಿದ್ದ ಮಗಳು 1921ರ ಜುಲೈಯಲ್ಲಿ ತೀರಿಕೊಂಡಳು. ಅವರು ಕೆಲಸವನ್ನು ನಿಲ್ಲಿಸಲಿಲ್ಲ. ಅನುವಾದದ ಕರಡಚ್ಚುಗಳನ್ನು ತಿದ್ದಿ ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. 1989ರಲ್ಲಿ ಭಾರತ ಸರಕಾರವು ಅವರ ಸ್ಮಾರಕವಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಅವರ ಮತವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಅವರ ಕೆಲಸವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ವೈದ್ಯೆಯಾಗಲು ಹೊರಟು ಆಗಲಾರದೆ ಹೋದವರು ಇತರ ಸ್ತ್ರೀಯರಿಗೆ ಆ ದಾರಿಯನ್ನು ಕೇಳಿಕೊಟ್ಟರು. ಹುಟ್ಟಿದ ಮನೆಯೂ ಮೆಟ್ಟಿದ ಮನೆಯೂ ಉಳಿಯದವರು ಸಾವಿರಾರು ಜನರಿಗೆ ಮನೆ ಕಟ್ಟಿದರು. ಇದಕ್ಕೆಲ್ಲ ಮೂಲವೆಂದರೆ ಒಂದು ಕಾಡಿನ ಗುಡಿಸಲಿನಲ್ಲಿ ಗಂಡನು ಹೆಂಡತಿಗೆ ಹೇಳಿಕೊಟ್ಟ ಪಾಠ, ತಾಯಿಯು ಮಗಳಿಗೆ ಹೇಳಿಕೊಟ್ಟ ಪಾಠ.

ಪ್ರಿಯ ವಿದ್ಯಾರ್ಥಿನಿಯರೇ, ರಜೆಯಲ್ಲಿ ಊರಿಗೆ ಹೋಗುವಾಗ ನಿಮ್ಮಲ್ಲಿ ಕಲಬುರಗಿಯ ಕಡೆಯವರು ಪುಣೆಯನ್ನು ದಾಟಿದ ಮೇಲೆ ಕೇಡಗಾಂವ್ ಎಂಬ ನಿಲ್ದಾಣವನ್ನು ಕಾಣುವಿರಿ. ಕಾರ್ಕಳದ ಕಡೆಯವರಿಗೆ ಮಾಳದ ಘಟ್ಟ ದೂರವಲ್ಲ. ಚೌಪಾಟಿಯ ಮರಳಂತೂ ನೀವೆಲ್ಲರೂ ಆಡಿದ ಮರಳು. ಆ ಮೂರು ಜಾಗಗಳಲ್ಲಿ ಯಾವುದನ್ನು ಕಂಡಾಗಲೂ ತಾಯಿಯನ್ನು ತಲೆಯ ಮೇಲೆ ಹೊತ್ತು ನಡೆದ ಆ ಗಿಡ್ಡ ಹುಡುಗಿಯನ್ನು ನೆನೆಯಿರಿ. ಮನೆಗೆ ಹೋದ ಮೇಲೆ, ನಿಮ್ಮ ಅಮ್ಮನಿಗೋ ಅಜ್ಜಿಗೋ ಓದು ಬಾರದಿದ್ದರೆ, ಪಕ್ಕದಲ್ಲಿ ಕುಳಿತು ಅವರ ಹೆಸರನ್ನು ಬರೆಯುವುದನ್ನು ಕಲಿಸಿರಿ. ರಮಾಬಾಯಿಯವರಿಗೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನರಿಯೆನು.